ಬಾಡಿಗೆದಾರನ ಅಮ್ಮನ ಕಾಲು

ಈ ಲೋಕದಲ್ಲೇ ಇಲ್ಲದ ಒಬ್ಬ ಮುದುಕಿಯ ಕಾಲು ಸರಿಯಾಗಲಿ ಎಂದು ನನ್ನ ಹೆಂಡತಿ ಒಂದು ಇಡೀ ಮಳೆಗಾಲ ಶನಿವಾರ ಒಪ್ಪತ್ತು ಮಾಡಿದಳು. ಆ ಮುದುಕಿಯನ್ನು ಹುಟ್ಟಿಸಿದವನು ನಾನು. ಅವಳು ಹೊಟ್ಟೆ ಕಟ್ಟಿ ಕೂತ ಆ ಶನಿವಾರಗಳಲ್ಲಿ ಅವಳ ಎದುರಿಗೇ ಕೂತು ನೀರುದೋಸೆ ತಿಂದವನೂ ನಾನೇ. ಇದನ್ನು ಬರೆದಿಡದಿದ್ದರೆ ನನಗೆ ಮುಕ್ತಿ ಇಲ್ಲ.

ನನ್ನ ಓದು ಮೆಟ್ರಿಕ್. ಉಡುಪಿ ಕಡೆಯ ನಮ್ಮ ಹುಡುಗರೆಲ್ಲ ಬಂದಂತೆ ನಾನೂ ಬಸ್ಸು ಹತ್ತಿ ಮುಂಬೈಗೆ ಬಂದೆ, ಹೋಟೆಲಿನಲ್ಲಿ ಲೋಟ ತೊಳೆದೆ, ಕೊನೆಗೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಸ್ವಂತ ಕ್ಯಾಂಟೀನು ಮಾಡಿದೆ. ಲೋಟ ತೊಳೆಯುತ್ತಿದ್ದ ಕಾಲದಲ್ಲಿ ಕೆಲವು ತಿಂಗಳು ಧಣಿಗಳು ನನ್ನನ್ನು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆಗೆ ಚಹಾ ಕೊಡಲು ಕಳಿಸುತ್ತಿದ್ದರು. ನವಿ ಮುಂಬೈ ಆಗ ಊರಲ್ಲ, ಕೆಸರು. ಆ ಕೆಸರನ್ನು ಸಮ ಮಾಡುತ್ತಿದ್ದದ್ದು ಚೈನ್ ಟ್ರ್ಯಾಕ್ಟರ್. ಅದಕ್ಕೆ ಗಾಲಿ ಇಲ್ಲ. ಎರಡು ಪಕ್ಕದಲ್ಲಿ ಕಬ್ಬಿಣದ ತಟ್ಟೆಗಳನ್ನು ಪೋಣಿಸಿದ ಎರಡು ದೊಡ್ಡ ಸರಪಳಿ, ತನ್ನ ರಸ್ತೆಯನ್ನು ತಾನೇ ಹಾಸಿಕೊಂಡು ಅದರ ಮೇಲೆ ತಾನೇ ನಡೆಯುವ ಜಾತಿ. ನನಗೆ ಹುಚ್ಚು ಹಿಡಿಸಿದ್ದು ಯಂತ್ರಕ್ಕಿಂತ ಹೆಚ್ಚಾಗಿ ಅದರ ಮೇಲೆ ಕೂತ ಡ್ರೈವರ್. ಕಪ್ಪು ಕನ್ನಡಕ, ಕೊರಳಿಗೊಂದು ಕರ್ಚೀಫು. ಅವನಿಗೆ ಯಾರೂ "ಏ, ದೋ ಕಟಿಂಗ್ ಲಾ" ಎಂದು ಅರ್ಧ ಲೋಟದ ಚಹಾಕ್ಕೆ ಕೂಗುತ್ತಿರಲಿಲ್ಲ. ಎಂದಾದರೂ ಒಂದು ದಿನ ನಾನೂ ಅಂಥದರ ಮೇಲೆ ಕೂರಬೇಕು ಅಂದುಕೊಂಡೆ. ಆಮೇಲೆ ಮದುವೆ, ಮಕ್ಕಳು, ಇಡ್ಲಿ ಹಿಟ್ಟು. ಕೂರಲು ಪುರುಸೊತ್ತಾಗಲಿಲ್ಲ.

ಕ್ಯಾಂಟೀನು ಚೆನ್ನಾಗಿ ನಡೆದ ಕಾಲದಲ್ಲಿ ಡೊಂಬಿವಲಿಯ ಇಂಡಸ್ಟ್ರಿ ಏರಿಯಾದಲ್ಲಿ ಒಂದು ಗಾಳಾ ತೆಗೆದುಕೊಂಡಿದ್ದೆ. ಗಾಳಾ ಎಂದರೆ ಮುಂದೆ ಒಂದು ಶಟರು, ಹಿಂದೆ ಒಂದು ಕಿಟಕಿ, ನಡುವೆ ಸಿಮೆಂಟಿನ ನೆಲ. ಸಣ್ಣ ಕಾರ್ಖಾನೆ ಮಾಡುವವರ ಕೋಣೆ. ಅದನ್ನು ಬಕೆಟ್ಟಿಗೆ ಹಿಡಿ ಮಾಡುವ ಒಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದೆ. ಕ್ಯಾಂಟೀನು ಮುಚ್ಚಿದ ದಿನ ಹೆಂಡತಿಗೆ ದೇವರ ಎದುರಿಗೆ ನಿಂತು ಮಾತು ಕೊಟ್ಟೆ: "ಅವನು ಬಿಟ್ಟ ದಿನವೇ ಗಾಳಾ ನಿನಗೆ."

ಅವಳಿಗೆ ಅದು ಬೇಕೇ ಬೇಕಿತ್ತು. ನಮ್ಮ ಬಿಲ್ಡಿಂಗಿನ ಮತ್ತು ಪಕ್ಕದ ಬಿಲ್ಡಿಂಗಿನ ನಾಲ್ಕೈದು ಹೆಂಗಸರನ್ನು ಸೇರಿಸಿಕೊಂಡು ಅವಳು ಚಕ್ಕುಲಿ, ಹಪ್ಪಳ, ಸಾರಿನ ಪುಡಿ ಮಾಡುತ್ತಿದ್ದಳು. ಕ್ಯಾಂಟೀನಿನ ಹಿಂದೆ ಮೂವತ್ತು ವರ್ಷ ನನ್ನ ಹೆಸರಿನಲ್ಲಿ ಮಾಡಿದ್ದನ್ನು ಈಗ ತನ್ನ ಹೆಸರಿನಲ್ಲಿ ಮಾಡುವ ಆಸೆ. ಜಾಗ ನಮ್ಮ ಹಾಲ್. ಟಿವಿಯ ಮೇಲೆ ಹಪ್ಪಳ, ಸೋಫಾದ ಮೇಲೆ ಮೆಣಸು. ಹೊಗೆ ಮತ್ತು ಕುಟ್ಟುವ ಸದ್ದಿಗೆ ಸೊಸೈಟಿಯ ಸೆಕ್ರೆಟರಿ ಬಂದು ಇನ್ನು ಮುಂದೆ ಇದು ಇಲ್ಲಿ ನಡೆಯಬಾರದು ಎಂದು ಹೇಳಿ ಹೋದರು. ಹೋಗುವಾಗ ಒಂದು ಪ್ಯಾಕೆಟ್ ಚಕ್ಕುಲಿ ತೆಗೆದುಕೊಂಡು ಹೋದರು, ಅದು ಬೇರೆ ಮಾತು. ಹೆಂಗಸರೂ ಹೇಳಿಬಿಟ್ಟರು: ದೀಪಾವಳಿಯ ಕೆಲಸ ಶುರುವಾಗುವುದರೊಳಗೆ ಜಾಗ ಸಿಗದಿದ್ದರೆ ನಾವು ಬೇರೆ ದಾರಿ ನೋಡಿಕೊಳ್ಳುತ್ತೇವೆ.

ಅಂಥ ಹೊತ್ತಿನಲ್ಲಿ ಬಕೆಟ್ ಹಿಡಿಯವನು ತಾನಾಗಿಯೇ ಗಾಳಾ ಖಾಲಿ ಮಾಡಿದ. ನವಿ ಮುಂಬೈಯ ಮಹಾಪೆಯಲ್ಲಿ ದೊಡ್ಡ ಜಾಗ ಸಿಕ್ಕಿತ್ತು. ಸುದ್ದಿಯನ್ನು ಆಮೇಲೆ ಹೇಳೋಣವೆಂದು, ಹೆಂಡತಿಗೆ ಬಾಡಿಗೆದಾರನನ್ನು ಕಂಡು ಬರುತ್ತೇನೆ ಎಂದಷ್ಟೇ ಹೇಳಿ, ಅವನು ಮರೆತುಹೋದ ಏಣಿಯೊಂದನ್ನು ಕೊಡಲು ನಾನೇ ಟೆಂಪೋದಲ್ಲಿ ಮಹಾಪೆಗೆ ಹೋದೆ. ಬರುವಾಗ ದಾರಿಯಲ್ಲಿ ಒಂದು ಭಂಗಾರ್, ಅಂದರೆ ಗುಜರಿ ಸಾಮಾನಿನ, ಅಂಗಡಿಯ ಹಿತ್ತಿಲು. ಅಲ್ಲಿ, ಮುರಿದ ಫ್ರಿಜ್ಜುಗಳ ನಡುವೆ, ಬಳ್ಳಿ ಹಬ್ಬಿಸಿಕೊಂಡು ಅದು ನಿಂತಿತ್ತು. ತುಕ್ಕಿನ ಕೆಳಗೆ ಹಳದಿ ಬಣ್ಣ, ಗಾಲಿಯ ಜಾಗದಲ್ಲಿ ಚೈನು. ಸೀಟಿನಲ್ಲಿ ಒಂದು ಕೋಳಿ ಕೂತಿತ್ತು.

ನಾನು ಟೆಂಪೋ ನಿಲ್ಲಿಸಿದೆ.

"ಚಾಚಾ, ಹಾತ್ ಮತ್ ಲಗಾವ್, ಕಲ್ ಕಟ್ನೇ ವಾಲಾ ಹೈ," ಎಂದ ಭಂಗಾರಿನವನು. ನಾಳೆ ಗ್ಯಾಸ್ ಕಟರ್ ಹಚ್ಚಿ ತುಂಡು ಮಾಡುತ್ತಾನಂತೆ.

ನಾನು ಎಷ್ಟು ಕೊಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಹೆಂಡತಿ ಓದುತ್ತಾಳೆ. ಆ ಒಂದು ಪಾಪ ನನ್ನ ಜೊತೆಗೇ ಬರಲಿ.

ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕೇಳಿದಳು, "ಎಂತ ಹೇಳಿದ ಅವ? ಯಾವಾಗ ಬಿಡ್ತಾನಂತೆ?"

ಸತ್ಯ ನಾಲಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ. "ಪಾಪ, ಅವನ ಅಮ್ಮನಿಗೆ ಎರಡೂ ಕಾಲು ಹೋಗಿದೆ. ಗಾಳಾದಲ್ಲೇ ಮಲಗಿದ್ದಾರೆ, ಎದ್ದು ನಿಲ್ಲುವ ಹಾಗಿಲ್ಲ. ಈಗ ಬಿಡು ಅಂತ ಹೇಗೆ ಹೇಳುವುದು?"

ಅವಳ ಮುಖ ಒಮ್ಮೆ ಬಾಡಿತು, ಆಮೇಲೆ ಕರಗಿತು. "ಛೆ, ಬೇಡ ಬೇಡ. ಮುದುಕಿ ಏಳುವವರೆಗೆ ಇರಲಿ," ಎಂದಳು. ಬೈದಿದ್ದರೆ ನಾನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆ. ಒಳ್ಳೆಯ ಹೆಂಗಸರು ಗಂಡಂದಿರನ್ನು ಹೀಗೇ ಹಾಳು ಮಾಡುತ್ತಾರೆ.

ಈ ಪಾಪದಲ್ಲಿ ನನಗೊಬ್ಬರು ಪಾಲುದಾರರು ಇದ್ದರು. ಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟವರು, ಮೂಲ ವಿಜಯಪುರದ ಕಡೆ. ಅಂಗಡಿಯನ್ನು ಈಗ ಮಕ್ಕಳು ನೋಡಿಕೊಳ್ಳುತ್ತಿದ್ದರು. ಇವರು ಗಿರಾಕಿಗಳ ಎದುರಿಗೆ "ಈ ಬಣ್ಣ ಹೋಗತೈತಿ" ಎಂದು ನಿಜ ಹೇಳಿಬಿಡುತ್ತಾರೆಂದು ಅವರನ್ನು ಅಂಗಡಿಯೊಳಗೆ ಬಿಡುತ್ತಿರಲಿಲ್ಲ. ನಾನು ಅವರನ್ನು ಸಾಹುಕಾರ್ರೇ ಎನ್ನುತ್ತೇನೆ, ಅವರು ನನಗೆ ಹೋಟೆಲ್ಲಣ್ಣ ಎನ್ನುತ್ತಾರೆ. ಅವರ ಸೋದರಮಾವ ಎಂದೋ ಒಂದು ಡ್ಯಾಮಿನ ಕೆಲಸದಲ್ಲಿ ಚೈನ್ ಟ್ರ್ಯಾಕ್ಟರ್ ಓಡಿಸಿದ್ದರಂತೆ. ಆ ಸಂಬಂಧದಿಂದ ಸಾಹುಕಾರ್ರು ತಮ್ಮನ್ನು ಎಂಜಿನಿಯರ್ ಎಂದು ತಿಳಿದುಕೊಂಡಿದ್ದರು.

ಟ್ರೇಲರಿನಲ್ಲಿ ತಂದು ಕ್ರೇನಿನಿಂದ ಗಾಳಾದ ಎದುರಿಗೆ ಇಳಿಸಿದಾಗ ಅವರು ಸುತ್ತು ಹಾಕಿ ನೋಡಿದರು. "ಹೋಟೆಲ್ಲಣ್ಣಾ, ಇದರ ಮಾರಿ ಪೂರ್ವಕ್ಕ ಇರಬೇಕ್ರಿ. ಪಶ್ಚಿಮಕ್ಕ ಮಾರಿ ಮಾಡಿ ಇಟ್ಟರ ಎಂದೂ ಚಾಲೂ ಆಗಂಗಿಲ್ಲ."

"ಪೂರ್ವಕ್ಕೆ ಶಟರು ಉಂಟಲ್ಲ?"

"ಅದಕ್ಕs ಚಲೋ ಆತು. ಹಿಂಬದಿ ಮಾಡಿ ಒಳಗ ತಳ್ಳೂಣು."

ಜಡ್ಡುಗಟ್ಟಿದ ಚೈನಿನ ಕೆಳಗೆ ಪೈಪು ಹಾಕಿ, ಗ್ರೀಸು ಬಳಿದು, ಪಕ್ಕದ ಗಾಳಾಗಳವರನ್ನೆಲ್ಲ ಕರೆದು ಹಿಂದುಮುಂದಾಗಿ ತಳ್ಳಿದೆವು. ಹೀಗೆ ಅದು ಶಟರಿಗೆ ಮುಖ ಮಾಡಿ ಕೂತಿತು. ಆ ದಿನ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರೆ ನಾನು ಇವತ್ತಿಗೂ ಮರ್ಯಾದಸ್ಥನಾಗಿ ಇರುತ್ತಿದ್ದೆ.

ರಿಪೇರಿ ಶುರುವಾಯಿತು. ಅದರ ಜೊತೆಗೇ ಬಾಡಿಗೆದಾರನ ಸಂಸಾರವೂ ಬೆಳೆಯಿತು. ನನಗೆ ವಯಸ್ಸಾಗಿದೆ, ಹೇಳಿದ ಸುಳ್ಳು ಮರೆತುಹೋಗುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದೆ. ಎರಡು ಚೈನು ಎಂದರೆ ಅಮ್ಮನ ಎರಡು ಕಾಲು. ದೊಡ್ಡ ಡೀಸೆಲ್ ಎಂಜಿನು ಎಂದರೆ ಬಾಡಿಗೆದಾರ. ಇಂಥ ಹಳೆಯ ಟ್ರ್ಯಾಕ್ಟರುಗಳಲ್ಲಿ ದೊಡ್ಡ ಎಂಜಿನನ್ನು ಎಬ್ಬಿಸಲು ಪಕ್ಕದಲ್ಲಿ ಒಂದು ಪುಟ್ಟ ಪೆಟ್ರೋಲ್ ಎಂಜಿನು ಇರುತ್ತದೆ. ಹಗ್ಗ ಸುತ್ತಿ ಎಳೆದರೆ ಅದು ಏಳುತ್ತದೆ, ಅದು ಎದ್ದು ಅಪ್ಪನನ್ನು ಎಬ್ಬಿಸುತ್ತದೆ. ಅದು ಬಾಡಿಗೆದಾರನ ಮಗು. ಹೀಗೆ ಮಾಡಿಕೊಂಡ ಮೇಲೆ ಹೆಂಡತಿ ಏನು ಕೇಳಿದರೂ ನಾನು ನಿಜವನ್ನೇ ಹೇಳಬಹುದಿತ್ತು. ಒಂದು ಸುಳ್ಳು ಹೇಳಿದ್ದಾಗಿತ್ತು, ಅದರ ಒಳಗೆ ಮತ್ತೆ ಸುಳ್ಳು ಹೇಳುವ ಸ್ವಭಾವ ನನ್ನದಲ್ಲ.

"ಮಗು ಹೇಗುಂಟು?"

"ಕೆಮ್ಮುತ್ತಾನೆ. ಎರಡು ಸಲ ಕೆಮ್ಮಿ ಮಲಗಿಬಿಡುತ್ತಾನೆ."

"ಹಾಲು ಕುಡೀತಾನಾ?"

"ಕುಡಿಯುತ್ತಾನೆ, ಆದರೆ ಎಲ್ಲ ಕೆಳಗಿನಿಂದ ಸೋರಿ ಹೋಗುತ್ತದೆ."

ಅವಳು ಕಣ್ಣು ಒರೆಸಿಕೊಂಡು ಒಂದು ಡಬ್ಬಿ ಕಷಾಯದ ಪುಡಿ ಕೊಟ್ಟಳು. ಅದನ್ನು ನಾನೂ ಸಾಹುಕಾರ್ರೂ ಮಧ್ಯಾಹ್ನ ಗಾಳಾದಲ್ಲಿ ಹಾಲು ಬೆಲ್ಲ ಹಾಕಿ ಕುದಿಸಿ ಕುಡಿದೆವು. ಕಾರ್ಬೊರೇಟರು ಬಿಚ್ಚುವ ಕೆಲಸಕ್ಕೆ ಅದು ಬಹಳ ಒಳ್ಳೆಯದು.

ಅಮ್ಮನ ಕಾಲಿಗೆ ಅವಳು ಊರಿನಿಂದ ತರಿಸಿದ ಮೂಲಿಕೆ ಎಣ್ಣೆ ಕಳಿಸಿದಳು. ಎಸೆಯಲು ಮನಸ್ಸಾಗಲಿಲ್ಲ. ಚೈನಿನ ಪಿನ್ನುಗಳಿಗೆ ನಾವು ಏನೇನೋ ಹಾಕಿ ಸೋತಿದ್ದೆವು, ಸೀಮೆಎಣ್ಣೆ, ಡೀಸೆಲ್, ಸಾಹುಕಾರ್ರ ಮಂತ್ರ. ಕೊನೆಗೆ ಈ ಎಣ್ಣೆಯನ್ನು ಬಿಸಿ ಮಾಡಿ ಸುರಿದು ಬಟ್ಟೆ ಸುತ್ತಿಟ್ಟೆವು. ಮರುದಿನ ಸುತ್ತಿಗೆಯಿಂದ ಬಡಿದಾಗ ಎಡಗಡೆಯ ಒಂದು ಪಿನ್ನು ಕಿರ್ರೆಂದು ತಿರುಗಿತು.

"ಯಪ್ಪಾ! ವೈನಿ ಎಣ್ಣಿ ಹತ್ತಿತು ನೋಡ್ರಿ!" ಎಂದು ಸಾಹುಕಾರ್ರು ಕುಣಿದರು. ವೈನಿ ಎಂದರೆ ಅವರ ಕಡೆ ಅತ್ತಿಗೆ. ನಾನು ಮನೆಗೆ ಹೋಗಿ, "ನಿನ್ನ ಎಣ್ಣೆಯಿಂದ ಎಡಗಾಲಿನ ಒಂದು ಗಂಟು ಸಡಿಲವಾಯಿತು," ಎಂದೆ. ಅಕ್ಷರಶಃ ಸತ್ಯ.

ಆ ಶನಿವಾರದಿಂದಲೇ ಅವಳು ಒಪ್ಪತ್ತು ಶುರು ಮಾಡಿದಳು. "ಎಣ್ಣೆ ಒಂದೇ ಸಾಲದು, ದೇವರೂ ಬೇಕು. ಮುದುಕಿ ಎದ್ದು ನಡೆಯುವವರೆಗೆ ಶನಿವಾರ ಒಂದೇ ಹೊತ್ತು ಊಟ ಅಂತ ಹೇಳಿಕೊಂಡಿದ್ದೇನೆ."

"ಅಷ್ಟೆಲ್ಲ ಯಾಕೆ, ಯಾರೋ ಏನೋ..." ಎಂದೆ.

"ಯಾರೋ ಆದರೆ ಏನು? ಮುದುಕಿ ಎದ್ದರೆ ಗಾಳಾ ಸಿಗ್ತದೆ. ನನಗೂ ಸ್ವಾರ್ಥ ಉಂಟು ಮಾರಾಯ್ರೇ," ಎಂದು ನಾಚಿಕೊಂಡಳು. ತನ್ನ ಸ್ವಾರ್ಥಕ್ಕೆ ಅವಳು ನಾಚಿದಳು, ನನ್ನೆದುರು! ಆದರೂ ತಟ್ಟೆಯಲ್ಲಿದ್ದ ದೋಸೆಯನ್ನು ನಾನು ಮುಗಿಸಿದೆ.

ಮಳೆ ಹಿಡಿದ ಮೇಲೆ ಅವಳ ಒಂದು ಹಳೆಯ ಕಾಟನ್ ಸೀರೆಯೂ ಬಂತು. ಕೆಂಪು ಅಂಚಿನ ಹಸಿರು ಸೀರೆ. ಮುದುಕಿಗೆ ಚಳಿಯಾಗಬಾರದಂತೆ. ಸಾಹುಕಾರ್ರು ಅದನ್ನು ಹರಿದು ಗ್ರೀಸು ಒರೆಸಲು ಹೊರಟಾಗ ನಾನು ಕೈ ಹಿಡಿದೆ. ಅಷ್ಟು ನೀಚತನ ನನ್ನಿಂದಾಗಲಿಲ್ಲ. ಅದನ್ನು ಎಂಜಿನಿನ ಮೇಲೆ, ಧೂಳು ಕೂರದ ಹಾಗೆ, ಹೊದಿಸಿದೆ.

ಚೈನಿನ ಕೆಳಗೆ ಉರುಳುವ ರೋಲರುಗಳು ಸವೆದಿದ್ದವು. ಅವನ್ನು ಒಂದೊಂದಾಗಿ ವಾಗ್ಳೆ ಎಸ್ಟೇಟಿಗೆ ಒಯ್ದು, ನನ್ನ ಇಡ್ಲಿ ತಿಂದು ಮುದುಕರಾದ ಲೇತಿನವರಿಂದ ಸರಿ ಮಾಡಿಸುತ್ತಿದ್ದೆ. ಒಮ್ಮೆ ಸಂಜೆಯ ಲೋಕಲ್ಲಿನಲ್ಲಿ ಟವೆಲಿನಲ್ಲಿ ಸುತ್ತಿದ ರೋಲರನ್ನು ಎದೆಗೆ ಅವಚಿಕೊಂಡು ಠಾಣೆಯಲ್ಲಿ ಹತ್ತಿದೆ. ಭಾರಕ್ಕೆ ಹೆಜ್ಜೆ ತೂರಾಡುತ್ತಿತ್ತು. ಕಿಟಕಿಯ ಬಳಿ ಕೂತಿದ್ದ ಒಬ್ಬ ಸಜ್ಜನ ಟವೆಲು ನೋಡಿ, ಮೊಮ್ಮಗು ಎಂದುಕೊಂಡು, ಎದ್ದು ಜಾಗ ಕೊಟ್ಟ. "ಬೈಠೋ ಚಾಚಾ. ಸೋ ಗಯಾ ಕ್ಯಾ?" ಎಂದು ಮೆಲ್ಲಗೆ ಕೇಳಿದ. ನಿದ್ದೆಯಲ್ಲಿದೆ ಎಂದು ತಲೆ ಆಡಿಸಿದೆ. ಡೊಂಬಿವಲಿಯ ಲೋಕಲ್ಲಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಡುವವನು ಮನುಷ್ಯನಲ್ಲ, ದೇವರು. ಆ ದೇವರ ಕಾಲ ಮೇಲೆ, ಮುಂಬ್ರಾದ ತಿರುವಿನಲ್ಲಿ, ಮೊಮ್ಮಗು ಬಿತ್ತು. ಅವನು ಆಮೇಲೆ ಆಡಿದ ಮಾತುಗಳನ್ನು ನಾನು ಕ್ಯಾಂಟೀನು ನಡೆಸಿದ ಅಷ್ಟೂ ವರ್ಷಗಳಲ್ಲಿ ಕೇಳಿರಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಮಗು ಎದ್ದಿತು. ಸಾಹುಕಾರ್ರು ಹಗ್ಗ ಎಳೆದ ರಭಸಕ್ಕೆ ಹಿಂದಕ್ಕೆ ಬಿದ್ದು ಮೂಲೆಯಲ್ಲಿದ್ದ ಒಂದು ಹಳೆಯ ಟೈರಿನೊಳಗೆ ಕೂತುಕೊಂಡರು. ಅದು ಮಾತ್ರ ಟಪಟಪ ಎಂದು ಹೊಗೆ ಬಿಡುತ್ತ ನಗುತ್ತಲೇ ಇತ್ತು. ಅದನ್ನು ಅಪ್ಪನಿಗೆ ಜೋಡಿಸಿದೆವು. ಅಪ್ಪ ಗೊರಕೆ ಹೊಡೆದ, ಸೀನಿದ, ಕೊಳವೆಯಿಂದ ಒಂದು ಪಾರಿವಾಳದ ಗೂಡನ್ನು ಉಗುಳಿದ, ಎದ್ದ. ಕ್ಲಚ್ಚು ಹಾಕಿದಾಗ ಎರಡೂ ಚೈನು ಒಂದು ಗೇಣು ಸರಿದವು. ನಾವಿಬ್ಬರು ಮುದುಕರು ತಬ್ಬಿಕೊಂಡು ಅತ್ತೆವು. ಬಲಗಡೆ ತಿರುಗಿಸುವ ಸನ್ನೆಕೋಲು ಇನ್ನೂ ತುಕ್ಕು ಬಿಟ್ಟಿರಲಿಲ್ಲ, ಎಡಗಡೆಯದೂ ಅಷ್ಟಕ್ಕಷ್ಟೇ, ಬ್ರೇಕಿನ ಪಟ್ಟಿ ಸವೆದಿತ್ತು. ಡೀಸೆಲ್ ನಿಲ್ಲಿಸುವ ಕೊಕ್ಕೆ ತಾನಾಗಿಯೇ ಜಾರುತ್ತದೆಂದು ಅದನ್ನು ತಂತಿ ಸುತ್ತಿ ಬಿಗಿದಿದ್ದೆವು. ಹೋಗುವುದಾದರೆ ನೇರ ಹೋಗಬಹುದು, ಅಷ್ಟೆ. ಎಲ್ಲಿಗೆ ಹೋಗಲಿಕ್ಕಿದೆ ಎಂದುಕೊಂಡೆವು.

ಮನೆಗೆ ಹಾರಿಕೊಂಡು ಬಂದೆ. "ಅಮ್ಮ ಎರಡು ಹೆಜ್ಜೆ ಇಟ್ಟರು!"

ಹೆಂಡತಿ ದೇವರ ಮುಂದೆ ದೀಪ ಹಚ್ಚಿದಳು. ಆಮೇಲೆ ಹೆಂಗಸರಿಗೆಲ್ಲ ಫೋನು ಮಾಡಿ, ದೀಪಾವಳಿ ಚಕ್ಕುಲಿ ಗಾಳಾದಲ್ಲೇ, ಒಬ್ಬರೂ ಬಿಟ್ಟು ಹೋಗಬೇಡಿ ಎಂದಳು. ನಾನು ಒಳಗಿನ ಕೋಣೆಯಲ್ಲಿ ಕೂತು ಆ ಫೋನುಗಳನ್ನೆಲ್ಲ ಕೇಳಿಸಿಕೊಂಡೆ. ಟ್ರ್ಯಾಕ್ಟರನ್ನು ಎಲ್ಲಿಗೆ ಸಾಗಿಸುವುದು ಎಂಬ ಯೋಚನೆ ನನಗೆ ಮೊದಲ ಸಲ ಬಂದದ್ದು ಆಗ. ಆಯುಧಪೂಜೆ ಮುಗಿಯಲಿ, ಹೇಳಿಬಿಡೋಣ ಎಂದುಕೊಂಡೆ.

ಆಯುಧಪೂಜೆ ಮಾತ್ರ ಬಿಡುವ ಹಾಗಿರಲಿಲ್ಲ. ಸೈಕಲ್ಲಿಗೂ ಸ್ಕೂಟರಿಗೂ ಇಡ್ಲಿ ಪಾತ್ರೆಗೂ ತಪ್ಪದೆ ಪೂಜೆ ಮಾಡಿದ ಕೈ ನನ್ನದು. ಎಂಜಿನು ಎದ್ದ ವರ್ಷವೇ ಪೂಜೆ ಇಲ್ಲ ಎಂದರೆ ಅದು ಸುಮ್ಮನಿರುತ್ತದೆಯೇ? ಮನೆಯಲ್ಲಿ ಸ್ಕೂಟರಿಗೆ ಪೂಜೆ ಮುಗಿಸಿ, "ಬಾಡಿಗೆದಾರನಲ್ಲಿಗೆ ಹೋಗಿ ಬರುತ್ತೇನೆ," ಎಂದು ಹೇಳಿ, ಕುಂಬಳಕಾಯಿಯನ್ನು ರೈನ್‌ಕೋಟಿನೊಳಗೆ ಅಡಗಿಸಿಕೊಂಡು ಹೊರಟೆ. ಕುಂಬಳಕಾಯಿ ನನ್ನ ಹೊಟ್ಟೆಯ ಹಾಗೆಯೇ ಕಾಣುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ.

ಸಾಹುಕಾರ್ರು ಆಗಲೇ ಎಲ್ಲ ಸಿದ್ಧ ಮಾಡಿದ್ದರು. ನಮ್ಮ ಪಾನಾ, ಕಟರು, ಕರಗಸ, ಚಾಕು, ಕತ್ತರಿ, ಬ್ಲೇಡು ಸಹಿತ, ಎಲ್ಲವನ್ನೂ ಹಲಗೆಯ ಮೇಲೆ ಜೋಡಿಸಿ, ಕುಂಕುಮ ಹಚ್ಚಿ, ಹೂವಿಟ್ಟಿದ್ದರು. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ; ಅದು ಅವರ ಮನೆಯ ಪದ್ಧತಿಯೂ ಹೌದು, ನಮ್ಮ ಮನೆಯದೂ ಹೌದು. ನಾನು ಹೆಂಡತಿಯ ಹಸಿರು ಸೀರೆಯನ್ನು ಒಗೆದು ತಂದಿದ್ದೆ. ಟ್ರ್ಯಾಕ್ಟರಿನ ಮೂತಿಗೆ ಅದನ್ನು ನೆರಿಗೆ ಹಿಡಿದು ಉಡಿಸಿದೆ. ಸಾಹುಕಾರ್ರು ಸ್ಟೇಷನ್ ಎದುರಿನ ಹೂವಿನವಳಿಂದ ಝೆಂಡುವಿನ, ಅಂದರೆ ಚೆಂಡುಹೂವಿನ, ಉದ್ದದ ಹಾರ ತಂದಿದ್ದರು. ಯಾವ ಭಾಗಕ್ಕೂ ಬೇಸರ ಆಗಬಾರದೆಂದು ಅದನ್ನು ಹೊಗೆಕೊಳವೆಗೆ, ದೀಪಗಳಿಗೆ, ಸನ್ನೆಕೋಲುಗಳಿಗೆ, ಕ್ಲಚ್ಚಿನ ಹಿಡಿಗೆ ಸುತ್ತಿ ಸುತ್ತಿ ಕಟ್ಟಿ, ತುದಿಯನ್ನು ಪಕ್ಕಕ್ಕೆ ಇಳಿಬಿಟ್ಟರು.

ಇನ್ನು ನಿಂಬೆಹಣ್ಣು. ಗಾಡಿಯ ನಾಲ್ಕು ಗಾಲಿಯ ಕೆಳಗೆ ನಾಲ್ಕು ಇಡುವುದು ಲೋಕರೂಢಿ.

"ಇದಕ್ಕ ಗಾಲಿನs ಇಲ್ಲಲ್ರೀ. ಎಷ್ಟು ಇಡೂದು?"

"ಕಾಲು ಎರಡು. ಎರಡು ಇಡುವ."

"ಹಂಗಲ್ರೀ. ಒಂದೊಂದು ತಟ್ಟೀನೂ ಒಂದೊಂದು ಪಾದ. ತಟ್ಟಿಗೊಂದು ಇಡಬೇಕು."

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ತಂದ ನಿಂಬೆಹಣ್ಣನ್ನೆಲ್ಲ ಎರಡು ಸಾಲು ಇಟ್ಟೆವು. ಬೀದಿಯವರಿಗೆ ಕಾಣಬಾರದೆಂದು ಶಟರನ್ನು ಮಂಡಿಯ ಮಟ್ಟಕ್ಕೆ ಇಳಿಸಿದೆವು. ಮಗುವನ್ನು ಎಬ್ಬಿಸಿ, ಅಪ್ಪನನ್ನು ಎಬ್ಬಿಸಿ, ನಾನು ಸೀಟಿನಲ್ಲಿ ಕೂತೆ. ಕಪ್ಪು ಕನ್ನಡಕ ಹಾಕಿಕೊಂಡೆ. ಕೊರಳಿಗೆ ಕರ್ಚೀಫು ಕಟ್ಟಿಕೊಂಡೆ. ಒಂದು ಗೇಣು ಮುಂದೆ ಹೋಗಿ ನಿಂಬೆಹಣ್ಣು ಹಿಸುಕಿ ನಿಲ್ಲಿಸುವುದು, ಅಷ್ಟೇ ಲೆಕ್ಕ. ಕ್ಲಚ್ಚಿನ ಹಿಡಿ ದೂಡಿದೆ.

ನಿಂಬೆಹಣ್ಣು ಪಚಕ್ ಪಚಕ್ ಎಂದವು. ಸಾಹುಕಾರ್ರು ಜಾಗಟೆ ಬಾರಿಸಿದರು. ನಾನು ಹಿಡಿಯನ್ನು ಹಿಂದಕ್ಕೆ ಎಳೆದೆ. ಅದು ಬರಲಿಲ್ಲ. ದೂಡಿದ ರಭಸಕ್ಕೆ ಹಾರದ ನೈಲಾನ್ ದಾರ ಬಿಗಿದು ಹಿಡಿಯನ್ನು ಕಟ್ಟಿಹಾಕಿತ್ತು.

ಅದೇ ಹೊತ್ತಿಗೆ ಶಟರಿನ ಕೆಳಗೆ, ಹೊರಗಡೆ, ಎರಡು ಪಾದ ಕಂಡವು. ಆ ಕಾಲುಂಗುರ ಹಾಕಿಸಿದವನು ನಾನೇ. ಮುದುಕಿ ಎದ್ದು ನಡೆದಳಲ್ಲ, ಕಣ್ಣಾರೆ ನೋಡಿ ಪ್ರಸಾದ ಕೊಟ್ಟು ಬರೋಣ ಎಂದು ನನ್ನ ಹೆಂಡತಿ ರಿಕ್ಷಾ ಹತ್ತಿ ಬಂದಿದ್ದಳು.

"ಸರಿ! ಪಕ್ಕಕ್ಕೆ ಸರಿ!" ಎಂದು ಕಿರುಚಿದೆ. ಪಾದಗಳು ಪಕ್ಕಕ್ಕೆ ಸರಿದವು. ಟ್ರ್ಯಾಕ್ಟರಿನ ಮೂತಿ ಶಟರನ್ನು ಮುಟ್ಟಿತು. ಶಟರು ಮೊದಲು ಉಬ್ಬಿತು, ನರಳಿತು, ಎರಡು ಕಡೆಯ ಕಬ್ಬಿಣದ ಹಳಿಗಳಿಂದ ಬಿಟ್ಟುಕೊಂಡು ಮೆಲ್ಲಗೆ ಮಡಚಿ ಬಿತ್ತು. ಅದರ ಮೇಲೆ ನಡೆದುಕೊಂಡು, ಹಸಿರು ಸೀರೆ ಉಟ್ಟು, ಹಾರ ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು, ಬಾಡಿಗೆದಾರನ ಅಮ್ಮ ಬೀದಿಗೆ ಬಂದಳು.

ಸಿನಿಮಾದಲ್ಲಾದರೆ ಇಂಥವು ಬೇಗ ನಡೆದು ಮುಗಿಯುತ್ತವೆ. ಚೈನ್ ಟ್ರ್ಯಾಕ್ಟರು ಹೋಗುವುದು ಸಂತೆಗೆ ಹೋಗುವ ಎಮ್ಮೆಯ ವೇಗದಲ್ಲಿ. ನನ್ನ ಹೆಂಡತಿ ಸ್ಟೀಲ್ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲೇ ಆರಾಮವಾಗಿ ನಡೆದುಕೊಂಡು ಬಂದಳು. ನಾನು ಮೇಲೆ, ಅವಳು ಕೆಳಗೆ. ಅಕ್ಕಪಕ್ಕದ ಗಾಳಾಗಳವರೆಲ್ಲ ಮೊಬೈಲು ಹಿಡಿದು ಹಿಂದೆ.

"ಬಾಡಿಗೆದಾರ ಎಲ್ಲಿ?" ಎಂದು ಎಂಜಿನಿನ ಸದ್ದು ಮೀರಿ ಕೇಳಿದಳು.

ನಾನು ಎಂಜಿನನ್ನು ತೋರಿಸಿದೆ.

"ಮಗು?"

ಪುಟ್ಟ ಎಂಜಿನನ್ನು ತೋರಿಸಿದೆ.

ಅವಳು ಟ್ರ್ಯಾಕ್ಟರಿನ ಮೂತಿಯ ಹತ್ತಿರಕ್ಕೆ ಬಂದಳು. ಸೀರೆಯ ಅಂಚನ್ನು ಮುಟ್ಟಿ ನೋಡಿದಳು. "ಅಮ್ಮ?"

ನಾನು ಕನ್ನಡಕ ತೆಗೆದೆ. ಕೈ ಚೈನಿನ ಕಡೆಗೆ ಹೋಯಿತು.

ಎದುರಿಗೆ ಬೀದಿಯ ಕೊನೆ. ಅಲ್ಲಿ ಒಂದು ಚಹಾದ ಟಪರಿ, ಸಣ್ಣ ಗೂಡಂಗಡಿ. ಅದರವನು ಸ್ಟವ್ವನ್ನು, ಬಿಸ್ಕತ್ತಿನ ಬರಣಿಗಳನ್ನು ಅವಸರವಿಲ್ಲದೆ ಒಂದೊಂದಾಗಿ ಪಕ್ಕಕ್ಕೆ ಇಡುತ್ತಿದ್ದ. ಗಿರಾಕಿಗಳು ಚಹಾ ಮುಗಿಸಿಯೇ ಎದ್ದರು.

"ನಿಲ್ಲಿಸಿ ಮಾರಾಯ್ರೇ!"

"ಹಾರ ಸಿಕ್ಕಿಬಿದ್ದಿದೆ! ಹಿಡಿ ಬರುವುದಿಲ್ಲ!"

"ಹಾರ ಕತ್ತರಿಸಿ!"

"ಎದರಿಂದ ಕತ್ತರಸೂದ್ರಿ ವೈನಿ?" ಎಂದು ಸಾಹುಕಾರ್ರು ಜಾಗಟೆ ಹಿಡಿದುಕೊಂಡೇ ಓಡಿಬಂದರು. "ಕತ್ತರಿ, ಚಾಕು, ಬ್ಲೇಡು, ಎಲ್ಲಾ ಪೂಜಾಕ್ಕ ಇಟ್ಟೀವಿ. ನಾಳೆತನಕ ಮುಟ್ಟಂಗಿಲ್ಲ!"

"ಹೌದು, ಮುಟ್ಟಬಾರದು," ಎಂದೆ ನಾನೂ. ದೇವರಾಣೆ, ಹಾಗೆಯೇ ಅಂದೆ. ಗಾಳಾದ ಬಾಯಿ ಕಿತ್ತುಹೋಗಿದೆ, ಟಪರಿ ಹತ್ತು ಮಾರಿನಲ್ಲಿದೆ, ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಎದುರಿಗೆ ಮಾನ ಹೋಗಿದೆ, ಆದರೂ ಪೂಜೆಗಿಟ್ಟ ಕತ್ತರಿ ಮುಟ್ಟಲು ನಮ್ಮಿಬ್ಬರಿಗೂ ಧೈರ್ಯವಿರಲಿಲ್ಲ.

ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. "ಹಲ್ಲನ್ನು ಪೂಜೆಗೆ ಇಟ್ಟಿಲ್ಲ ಅಲ್ಲವಾ?" ಎಂದಳು. ಡಬ್ಬಿಯನ್ನು ಸಾಹುಕಾರ್ರ ಕೈಗೆ ಕೊಟ್ಟು, ಪಕ್ಕಕ್ಕೆ ಇಳಿಬಿದ್ದ ಹಾರವನ್ನು ಎಳೆದು, ಟ್ರ್ಯಾಕ್ಟರಿನ ಜೊತೆಗೇ ಹೆಜ್ಜೆ ಹಾಕುತ್ತ ದಾರವನ್ನು ಕಚ್ಚಿದಳು. ಕಬ್ಬು ತಿಂದು ಬೆಳೆದ ಹಲ್ಲು. ಎರಡನೆಯ ಕಡಿತಕ್ಕೆ ದಾರ ಹರಿಯಿತು, ಝೆಂಡುವಿನ ಹೂವು ಬೀದಿಯ ತುಂಬ ಚೆಲ್ಲಿತು. ನಾನು ಹಿಡಿ ಎಳೆದೆ. ಟಪರಿಯ ಬೆಂಚಿಗೆ ಮೂತಿ ತಾಗಿಸಿ ಅದು ನಿಂತಿತು.

"ಅಬ್ ಚಾಯ್ ಪಿಯೋಗೇ ಕ್ಯಾ?" ಎಂದು ಟಪರಿಯವನು ಕೇಳಿದ.

ಅವಳು ಅದೇ ಬೆಂಚಿನ ಮೇಲೆ ಕೂತಳು. ಬಾಯೊಳಗಿನ ಹೂವಿನ ದಳ ತೆಗೆದಳು. ನಾನು ಇಳಿದು ಅವಳ ಎದುರಿಗೆ ನಿಂತೆ. ಕ್ಯಾಂಟೀನಿನಲ್ಲಿ ಲೋಟ ಒಡೆದ ಹುಡುಗರು ನನ್ನೆದುರು ಹಾಗೆ ನಿಲ್ಲುತ್ತಿದ್ದರು. ಕೊಟ್ಟ ದುಡ್ಡು ಮತ್ತು ಕಷಾಯದ ಪುಡಿ ಎರಡನ್ನು ಬಿಟ್ಟು, ಮಹಾಪೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು, ಅದೂ ಸಣ್ಣ ದನಿಯಲ್ಲಿ.

"ಶನಿವಾರ ನಾನು ಉಣ್ಣದೆ ಕೂತದ್ದು ನಿಮಗೆ ಕಾಣ್ತಿತ್ತಲ್ಲ?"

"ಕಾಣ್ತಿತ್ತು."

"ದೋಸೆ ರುಚಿಯಾಗಿತ್ತಾ?"

ಸಾಹುಕಾರ್ರು ನನ್ನ ಪರವಾಗಿ ಏನೋ ಹೇಳಲು ಬಾಯಿ ತೆರೆದರು. "ನೀವು ಸುಮ್ಮನಿರಿ, ಕಷಾಯದ ಪುಡಿ ಕುಡಿದವರು," ಎಂದಳು. ಅದು ಅವಳಿಗೆ ಹೇಗೆ ಗೊತ್ತಾಯಿತೋ.

ಆಮೇಲೆ ಕೈ ಚಾಚಿದಳು. "ಕೀಲಿ."

"ಶಟರೇ ಇಲ್ಲವಲ್ಲ..."

"ಕೀಲಿ ಕೊಡಿ."

ಕೊಟ್ಟೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಳಾಕ್ಕೆ ಹೋಗಿ, ಒಳಗೆ ನಿಂತು, ಒಲೆ ಎಲ್ಲಿ, ಹಪ್ಪಳದ ಮಣೆ ಎಲ್ಲಿ ಎಂದು ಕೈಯಲ್ಲೇ ಗಾಳಿಯಲ್ಲಿ ಗುರುತು ಹಾಕಿದಳು. ನಾನು ಹೊರಗೆ, ಮಡಚಿದ ಶಟರಿನ ಮೇಲೆ, ಒಳಗೆ ಕಾಲಿಡಲು ಧೈರ್ಯವಿಲ್ಲದೆ ನಿಂತಿದ್ದೆ. ಗೋಡೆಯ ಮೇಲೆ ನಾವು ಗ್ರೀಸಿನ ಕೈಯಲ್ಲಿ ಬರೆದ 'ಶುಭ ಲಾಭ' ಇತ್ತು. ಅದನ್ನು ಓದಿ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ತಿರುಗಿದಾಗ ಗೊತ್ತಾಯಿತು, ನಗು. ನನ್ನನ್ನು ಕಂಡೊಡನೆ ಅದನ್ನು ನುಂಗಿಕೊಂಡಳು. ಅದನ್ನು ನನಗೆ ಕೊಡಲು ಅವಳು ಇನ್ನೂ ಸಿದ್ಧಳಾಗಿರಲಿಲ್ಲ.

ಈಗ ಗಾಳಾಕ್ಕೆ ಹೊಸ ಶಟರು ಬಂದಿದೆ. ದೀಪಾವಳಿಯ ಚಕ್ಕುಲಿ ಅಲ್ಲೇ ಆಯಿತು, ಠಾಣೆಯ ನೌಪಾಡಾದ ಅಂಗಡಿಗಳವರೆಗೂ ಹೋಯಿತು. ಹೆಂಗಸರು ಒಬ್ಬರೂ ಬಿಟ್ಟು ಹೋಗಲಿಲ್ಲ. ಟ್ರ್ಯಾಕ್ಟರನ್ನು ಹೊರಗೆ ಗೋಡೆಯ ಪಕ್ಕಕ್ಕೆ, ಮೂತಿ ಪಶ್ಚಿಮಕ್ಕೆ ಮಾಡಿ, ನಿಲ್ಲಿಸಬೇಕೆಂದು ಅಪ್ಪಣೆಯಾಯಿತು. ಸಾಹುಕಾರ್ರು ದಿಕ್ಕಿನ ವಿಷಯ ಎತ್ತಲಿಲ್ಲ. ಬಿಸಿಲಿದ್ದ ದಿನ ಹೆಂಗಸರು ಅದರ ಚೈನಿನ ಮೇಲೆ ಹಲಗೆ ಇಟ್ಟು ಸಂಡಿಗೆ ಒಣಗಿಸುತ್ತಾರೆ. ಸೀರೆಯನ್ನು ವಾಪಸು ಕೊಡಲು ಹೋದೆ. "ಕೊಟ್ಟದ್ದು ಕೊಟ್ಟದ್ದೇ. ಅವರೇ ಉಟ್ಟುಕೊಳ್ಳಲಿ," ಎಂದಳು.

ಹರಕೆಯ ತೀರ್ಪನ್ನೂ ಅವಳೇ ಕೊಟ್ಟಳು. "ಮುದುಕಿ ಎದ್ದು ನಡೆದದ್ದಂತೂ ಹೌದು, ನಾನೇ ನೋಡಿದೆ. ದೇವರು ತನ್ನ ಮಾತು ನಡೆಸಿಕೊಟ್ಟಿದ್ದಾನೆ. ನನ್ನ ಶನಿವಾರ ಮುಗಿಯಿತು. ಇನ್ನು ನಿಮ್ಮದು."

"ಎಷ್ಟು ದಿನ?"

"ಅವರ ಕಾಲು ಪೂರ್ತಿ ಸರಿಯಾಗುವವರೆಗೆ."

ಬಲಗಡೆಯ ಸನ್ನೆಕೋಲಿಗೆ ಬೇಕಾದ ಬಿಡಿಭಾಗ ಈ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲ ಎಂದು ವಾಗ್ಳೆ ಎಸ್ಟೇಟಿನವರು ಹೇಳಿದ್ದಾರೆ. ಅದು ಅವಳಿಗೂ ಗೊತ್ತು.

ಇವತ್ತು ಶನಿವಾರ. ನಾನು ಇದನ್ನು ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಎದುರಿಗೆ ಅವಳು ಕೂತಿದ್ದಾಳೆ, ತಟ್ಟೆಯಲ್ಲಿ ನೀರುದೋಸೆ, ಪಕ್ಕದಲ್ಲಿ ಕಾಯಿಬೆಲ್ಲ. ನಿಧಾನವಾಗಿ ಹರಿದು ತಿನ್ನುತ್ತಾಳೆ. ತುತ್ತಿನ ನಡುವೆ ತಲೆ ಎತ್ತಿ, ಬಹಳ ಕನಿಕರದಿಂದ ಕೇಳುತ್ತಾಳೆ: "ಅಮ್ಮನ ಕಾಲು ಹೇಗುಂಟು?"

"ಬಲಗಡೆ ಇನ್ನೂ ಸ್ವಲ್ಪ ಬಿಗಿ," ಎನ್ನುತ್ತೇನೆ. ನಿಜವನ್ನೇ ಹೇಳುತ್ತೇನೆ.